ಕೆಮ್ಮು ನಿಲ್ಲುವವರೆಗೆ

ಬೆಳಕು ಬರುವ ಮೊದಲೇ ಮುಗಿದುಹೋಗುವ ಕೆಲಸವೊಂದನ್ನು, ಬೆಳಕಿಲ್ಲದೆ ಏನನ್ನೂ ಕಾಣಲಾರದ ಪೆಟ್ಟಿಗೆಯಲ್ಲಿ ಹಿಡಿದಿಡುತ್ತೇನೆಂದು ನಾನು ಒಪ್ಪಿಕೊಂಡುಬಿಟ್ಟಿದ್ದೆ. ಒಪ್ಪಿಕೊಳ್ಳುವಾಗ ಈ ತೊಡಕು ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಕರುಮತ್ತಂಪಟ್ಟಿಯ ನೇಕಾರರ ಬೀದಿಯಲ್ಲಿ, ಮೊದಲ ದಿನ ಮಬ್ಬಿನಲ್ಲೇ ಕ್ಯಾಮೆರಾ ನಿಲ್ಲಿಸಿ ಕಣ್ಣಿಟ್ಟು ನೋಡಿದಾಗ. ಒಳಗೆ ಏನೂ ಕಾಣಿಸಲಿಲ್ಲ. ಲೆನ್ಸಿನ ಮುಚ್ಚಳ ತೆಗೆಯಲು ಮರೆತೆನೇನೋ ಎಂದು ಕೈಯಾಡಿಸಿದೆ. ಮುಚ್ಚಳ ನನ್ನ ಜೇಬಿನಲ್ಲೇ ಇತ್ತು.

ಆ ಕೆಲಸ ಪಾವಿಗೆ ಗಂಜಿ ಹಾಕುವುದು. ಪಾವು ಎಂದರೆ ನಮ್ಮ ಕಡೆಯ ಮಾತಿನಲ್ಲಿ ಹಾಸುನೂಲು, ಬಟ್ಟೆಯ ಉದ್ದಕ್ಕೆ ಹಾಯುವ ಎಳೆಗಳು. ಕೊಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ನಾವು ಮನೆಯೊಳಗೆ ಕನ್ನಡ ಆಡುತ್ತೇವೆ, ಆದರೆ ಕಸುಬಿನ ಮಾತೆಲ್ಲ ತಮಿಳಿನದೇ. ಮಗ್ಗಕ್ಕೆ ಏರಿಸುವ ಮೊದಲು ಈ ಪಾವನ್ನು ಬೀದಿಯುದ್ದಕ್ಕೂ ಕತ್ತರಿಗಾಲಿನ ಬಿದಿರುಗಳ ಮೇಲೆ ಬಿಗಿದು, ಗಂಜಿ ಹಚ್ಚಿ, ದೊಡ್ಡ ಕುಂಚಗಳಿಂದ ತೀಡಬೇಕು. ಒಂದು ಮನೆಯವರಿಂದ ಆಗುವ ಕೆಲಸ ಅದಲ್ಲ. ಇವತ್ತು ನಿಮ್ಮ ಪಾವಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಪಾವಿನ ಎರಡು ಬದಿಗಳಲ್ಲಿ ಪ್ರತಿ ಮನೆಗೂ ಗೊತ್ತಾದ ಒಂದು ಜಾಗವಿರುತ್ತದೆ. ಅಜ್ಜ ನಿಂತಲ್ಲೇ ಮೊಮ್ಮಗ ನಿಲ್ಲಬೇಕು. ಗಂಜಿ ಹಸಿಯಿರುವಾಗಲೇ ಎಲ್ಲರ ಕುಂಚವೂ ಒಂದೇ ಹದದಲ್ಲಿ ಸಾಗಬೇಕು. ಬಿಸಿಲು ಬಿತ್ತೋ, ನೂಲು ಗಡಿಬಿಡಿಯಲ್ಲಿ ಒಣಗಿ ಒಂದಕ್ಕೊಂದು ಅಂಟಿಕೊಂಡು, ಆಮೇಲೆ ಮಗ್ಗದ ಮೇಲೆ ಪಟಪಟನೆ ಹರಿಯುತ್ತದೆ. ಆದ್ದರಿಂದ ಕೋಳಿ ಕೂಗುವಾಗ ಶುರುಮಾಡಿ, ಬಿಸಿಲು ಹಂಚಿನಿಂದ ಕೆಳಗಿಳಿಯುವಷ್ಟರಲ್ಲಿ ಸುತ್ತಿ ಒಳಗಿಡುತ್ತಾರೆ.

ನಾನೂ ಮಗ್ಗದ ಮನೆಯಲ್ಲೇ ಹುಟ್ಟಿದವನು. ಆದರೆ ಕಲಿತದ್ದು ಕೊಯಮತ್ತೂರಿನ ಒಂದು ಸ್ಟುಡಿಯೋದಲ್ಲಿ ಕ್ಯಾಮೆರಾದ ಹಿಡಿ ತಿರುಗಿಸುವುದನ್ನು. ರಟ್ಟಿನ ಅರಮನೆಗಳ ಮುಂದೆ ಅಂಟಿಸಿದ ಮೀಸೆಯ ರಾಜರನ್ನು ಹಿಡಿದು ಹಿಡಿದು ಬೇಸತ್ತಿದ್ದೆ. ಅದಕ್ಕೆ ಮೊದಲು ಮೈಸೂರಿನಲ್ಲಿ ಓದುತ್ತಿದ್ದಾಗ ತತ್ವಶಾಸ್ತ್ರದ ಮೇಷ್ಟ್ರು ನಮ್ಮನ್ನೊಮ್ಮೆ ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಹೆಂಗಸರೆಲ್ಲ ಸೇರಿ ಊರ ಮುಂದಿನ ಬಯಲಿಗೆ ಒಂದೇ ರಂಗೋಲಿ ಬಿಡುತ್ತಿದ್ದರು. ಒಬ್ಬಳು ನಿಲ್ಲಿಸಿದ ಎಳೆಯನ್ನು ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು. “ಇದರ ಕರ್ತೃ ಯಾರು? ತೋರಿಸಿ” ಎಂದರು ಮೇಷ್ಟ್ರು. ನಾವು ತೋರಿಸಲಿಲ್ಲ, ಅವರೂ ಉತ್ತರ ಹೇಳದೆ ಕಡಲೆಕಾಯಿ ಸುಲಿಯುತ್ತ ಮುಂದೆ ನಡೆದರು. ಆ ಪ್ರಶ್ನೆ ಚಪ್ಪಲಿಯೊಳಗೆ ಸೇರಿದ ಮರಳಿನ ಹಾಗೆ ನನ್ನ ಜೊತೆಯಲ್ಲೇ ಉಳಿಯಿತು. ಇಂಥವನೇ ಮಾಡಿದ್ದೆಂದು ಬೆರಳಿಟ್ಟು ತೋರಿಸಲಾಗದ ಒಂದು ಕೆಲಸವನ್ನು, ಯಾರಿಗೂ ವೇಷ ಕಟ್ಟದೆ, ಇದ್ದದ್ದನ್ನು ಇದ್ದ ಹಾಗೆ ಹಿಡಿಯಬೇಕೆಂದು ನನಗೆ ಹಟ ಹುಟ್ಟಿತು.

ಸ್ಟುಡಿಯೋದ ಮ್ಯಾನೇಜರು ಹಳೆಯ ಕೈಕ್ಯಾಮೆರಾವನ್ನೂ, ಬೇರೆ ಚಿತ್ರಗಳಲ್ಲಿ ಉಳಿದ ತುಂಡು ಫಿಲ್ಮುಗಳನ್ನೂ ಕೊಟ್ಟರು. ಮುಂದಿನ ಪುರಾಣದ ಚಿತ್ರಕ್ಕೆ ಹೊರಾಂಗಣದ ಕೆಲಸ ಶುರುವಾಗುವ ಮೊದಲು ಕ್ಯಾಮೆರಾ ವಾಪಸ್ಸು ಬರಬೇಕೆಂಬುದು ಕರಾರು. ಮಾತಾಡುವ ಚಿತ್ರಗಳು ಬಂದು ಜನ ಹಾಡಿಗೆ ಮುಗಿಬೀಳುತ್ತಿರುವಾಗ ಗಂಜಿ ಹಚ್ಚುವುದನ್ನು ಯಾರಯ್ಯ ನೋಡುತ್ತಾರೆ ಎಂದು ತಮಿಳಿನಲ್ಲಿ ನಕ್ಕರು.

ಬೀದಿಯಲ್ಲಿ ನಾನು ಇಳಿದುಕೊಂಡದ್ದು ಪಾವಿನ ಮುಂದಾಳಿನ ಮನೆಯಲ್ಲಿ. ದೂರದ ನಂಟಿನಲ್ಲಿ ಅವರು ನನಗೆ ಮಾವ, ಅವರ ಹೆಂಡತಿ ಅತ್ತೆ. ಮಕ್ಕಳಿರಲಿಲ್ಲ. ಮಾವ ಎತ್ತರದ, ಸಣಕಲು ಮನುಷ್ಯ. ಪಾವಿನ ನಡುವೆ ನಿಂತು ಗಂಟಲಿನಲ್ಲೇ “ಹೂಂ” ಎನ್ನುವರು. ಎಲ್ಲರ ಕುಂಚವೂ ಒಂದು ಎಳೆತ ಎಳೆಯುವುದು. ಮತ್ತೆ “ಹೂಂ”, ಎಲ್ಲರದೂ ಒಂದು ಹೆಜ್ಜೆ. ಅದನ್ನು ಬಿಟ್ಟರೆ ಅವರ ಬಾಯಲ್ಲಿ ಮಾತು ಕಡಿಮೆ, ಕೆಮ್ಮು ಹೆಚ್ಚು.

ನಾನು ಬಂದ ದಿನವೇ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ಕ್ಯಾಮೆರಾ ಬಂದ ಸುದ್ದಿ ಕೇಳಿ ಬೀದಿಯವರೆಲ್ಲ ಪಡ, ಪಡ ಎಂದು ಕುಣಿಯುತ್ತಿದ್ದರು. ಸಿನಿಮಾಕ್ಕೆ ಅಲ್ಲಿ ಎಲ್ಲರೂ ಹೇಳುವುದು ಪಡ ಎಂದೇ. ಅತ್ತೆ ಮಾತ್ರ ದನಿ ತಗ್ಗಿಸಿ ಹೇಳಿದರು:

“ಅಪ್ಪಾ, ನಿನ್ನ ಪಡದಾಗೆ ಅವರ ಮೊಕ ಬರ್ಬೇಕು. ಮನೇಲಿ ಅವರ್ದು ಒಂದು ಪೋಟಾನೂ ಇಲ್ಲ. ವೈದ್ಯರು ನನ್ನ ಕೂಡೆ ಏನೂ ಹೇಳಲ್ಲ, ಆದ್ರೆ ಆ ಇರುಮಲು ದಿನಾ ಕೇಳೋಳು ನಾನು.”

ಇರುಮಲು ಎಂದರೆ ಕೆಮ್ಮು. ಅದಕ್ಕೇನಂತೆ, ಈಗಲೇ ಅಂಗಳದಲ್ಲಿ ಕೂರಿಸಿ ಒಂದು ಫೋಟೋ ತೆಗೆದುಕೊಡುತ್ತೇನೆ ಎಂದೆ. ಅತ್ತೆ ಬೇಡವೆಂದು ತಲೆಯಾಡಿಸಿದರು. ಆ ಬೀದಿಗೆ ಪಟ್ಟಣದಿಂದ ಫೋಟೋದವನನ್ನು ಕರೆಸುವುದು ಯಾರಾದರೂ ಸತ್ತಾಗ ಮಾತ್ರ. ಹೆಣಕ್ಕೆ ಸ್ನಾನ ಮಾಡಿಸಿ, ಹಾರ ಹಾಕಿ, ಕುರ್ಚಿಯ ಮೇಲೆ ಕೂರಿಸಿ ಫೋಟೋ ತೆಗೆಸಿ ಗೋಡೆಗೆ ಹಾಕುವುದು ರೂಢಿ. ಮಾವನ ಮನೆಯ ಗೋಡೆಯ ಮೇಲೂ ಅವರ ಅಪ್ಪ ಹಾಗೆ ಕಣ್ಣುಮುಚ್ಚಿ ಕೂತಿದ್ದರು. ಒಬ್ಬನೇ ಸುಮ್ಮನೆ ಕೂತು ಪಟ ತೆಗೆಸಿಕೊಳ್ಳುವುದೆಂದರೆ ಮಾವನಿಗೆ ಅದೇ ಕುರ್ಚಿ. ಹಿಡಿಯುವುದಾದರೆ ಪಾವಿನಲ್ಲಿ, ಎಲ್ಲರ ಜೊತೆ, ಕೆಲಸ ಮಾಡುವಾಗ ಹಿಡಿ, ನನ್ನೊಬ್ಬನ ಮುಂದೆ ಆ ಪೆಟ್ಟಿಗೆ ತರಬೇಡ ಎಂದು ಆಮೇಲೆ ಅವರೇ ನನಗೂ ಹೇಳಿದರು. ಪಾವಿನಲ್ಲೇ ಮುಖ ಬರುವ ಹಾಗೆ ಹಿಡಿಯುತ್ತೇನೆ ಎಂದು ನಾನು ಅತ್ತೆಗೆ ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವಾಗಲೂ ಮುಂದು.

ಮರುದಿನವೇ ಆ ಮಬ್ಬು. ಲೆನ್ಸನ್ನು ಪೂರ್ತಿ ತೆರೆದು ಒಂದಿಷ್ಟು ತಿರುಗಿಸಿದೆ. ಬಸ್ಸು ಹಿಡಿದು ಕೊಯಮತ್ತೂರಿಗೆ ಹೋಗಿ ತುದಿಯ ತುಂಡನ್ನು ತಟ್ಟೆಯಲ್ಲಿ ತೊಳೆದು ನೋಡಿದರೆ ನೆಗೆಟಿವ್ ಕಿಟಕಿಯ ಗಾಜಿನಷ್ಟು ಬರಿದಾಗಿತ್ತು. ನನ್ನ ಬಳಿ ಇದ್ದ ಹೆಚ್ಚಿನ ಫಿಲ್ಮು ಕೆಂಪು ಬೆಳಕಿಗೆ ಕುರುಡು. ಬೆಳಗಿನ ಬೆಳಕಿನಲ್ಲಿ ಇರುವುದೋ ಬಹುಪಾಲು ಕೆಂಪು. ಎಲ್ಲ ಬಣ್ಣಕ್ಕೂ ಕಣ್ಣು ಬಿಡುವ ಹೊಸ ಬಗೆಯ ಫಿಲ್ಮು ಒಂದೇ ಒಂದು ಡಬ್ಬಿ ಇತ್ತು. ಅದನ್ನು ಮುಟ್ಟಲು ಕೈ ಬರಲಿಲ್ಲ. ಸೆಕೆಗೆ ಕೆಡದಿರಲೆಂದು ಹೊಸ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಡಬ್ಬಿ ಹೂತು, ಅತ್ತೆಯ ಅಡುಗೆಮನೆಯ ಮೂಲೆಯಲ್ಲಿಟ್ಟೆ. ದಿನಕ್ಕೆ ಹತ್ತು ಸಲ ಹೋಗಿ ಮಡಕೆ ಮುಟ್ಟಿ ನೋಡುತ್ತಿದ್ದೆ. ಬಾಣಂತಿ ಮನೆಯ ಬೆಕ್ಕಿನ ಹಾಗೆ ಸುಳಿದಾಡುತ್ತೀಯಲ್ಲ ಎಂದು ಅತ್ತೆ ನಕ್ಕರು.

ಪಾವನ್ನು ಸ್ವಲ್ಪ ತಡವಾಗಿ ಕಟ್ಟಲಾಗುತ್ತದೆಯೇ ಎಂದು ಮಾವನನ್ನು ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ತಡಮಾಡಿ ಹಾಳಾದ ಒಂದು ಪಾವಿನ ತುಂಡನ್ನು ಅಟ್ಟದಿಂದ ತೆಗೆದು ನನ್ನ ಕೈಗಿಟ್ಟರು. ಎರಡು ಬೆರಳಿನಲ್ಲಿ ಎಳೆದಾಗ ಎಳೆಗಳು ಹಪ್ಪಳದಂತೆ ಮುರಿದವು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಉಪಾಯ ಹೂಡಿದವರು ಬೀದಿಯ ಜನವೇ. ಗಂಜಿ ಹಾಕಿ ಆಗಿದ್ದ ಒಂದು ಪಾವನ್ನು ಸಂಜೆಯ ಬಿಸಿಲಿನಲ್ಲಿ ಸುಮ್ಮನೆ ಬಿಗಿದು, ಬರೀ ಕುಂಚ ಆಡಿಸುತ್ತೇವೆ, ಹಿಡಿದುಕೋ ಎಂದರು. ವೇಷ ಕಟ್ಟಬಾರದೆಂಬ ನನ್ನ ಹಟ ಆ ಹೊತ್ತಿಗೆ ಅರ್ಧ ಕರಗಿತ್ತು, ಒಪ್ಪಿದೆ. ಒಬ್ಬ ಮದುವೆಯ ಜರಿ ಪಂಚೆ ಉಟ್ಟು ಬಂದ. ಇನ್ನೊಬ್ಬ ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದ. ಕುಂಚ ಪಾವಿನ ಮೇಲೆ, ಕಣ್ಣು ನನ್ನ ಮೇಲೆ. ಎಲ್ಲರೂ ಅವರವರ ಜಾಗದಲ್ಲಿ ನಿಂತರು, ನಡುವಿನ ಒಂದು ಜಾಗ ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಉಳಿಯಿತು. ಮಾವ ಜಗಲಿಯ ಮೇಲೆ ಕೂತಿದ್ದರು. ಕರೆದಾಗ ತಮ್ಮ ಅಂಗೈ ನೋಡಿಕೊಂಡು, “ಒಣಗಿದ ನೂಲಿಗೆ ಕುಂಚ ಹಿಡೀಲಾರೆ ಕಣಪ್ಪಾ. ಕೈಗೆ ತಿಳಿದೋಯ್ತದೆ” ಎಂದರು.

ಆ ತುಂಡನ್ನು ತೊಳೆದು ನೋಡಿದೆ. ಮುಖಗಳೆಲ್ಲ ಚೊಕ್ಕವಾಗಿ ಬಂದಿದ್ದವು. ಬೇಡದ ಮುಖಗಳೆಲ್ಲ ಬಂದಿದ್ದವು ಎನ್ನಬೇಕು. ಸ್ಟುಡಿಯೋದ ಅಂಟು ಮೀಸೆಗಳೇ ಬೀದಿಗೆ ಇಳಿದು ಬಂದ ಹಾಗಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂದು ಅದನ್ನು ಬದಿಗೆ ಎಸೆದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ಒಮ್ಮೆ ಮೋಡ ಕವಿಯಿತು. ಒಮ್ಮೆ ಮಂಜು ಬಿದ್ದು ಪಾವನ್ನೇ ಕಟ್ಟಲಿಲ್ಲ. ಕೊಯಮತ್ತೂರಿಗೂ ಸೋಮನೂರಿಗೂ ಓಡಾಡುವ ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, ಸ್ಟುಡಿಯೋದವರು ಕ್ಯಾಮೆರಾ ಕೇಳುತ್ತಿದ್ದಾರೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೋದ. ಮಾವನ ಕೆಮ್ಮು ಕೆಟ್ಟಿತು. ಒಂದು ಬೆಳಗ್ಗೆ ಅವರು ಪಾವಿಗೆ ಏಳಲೇ ಇಲ್ಲ. ಅವರ ಬದಲು ಇನ್ನೊಬ್ಬರು “ಹೂಂ” ಎಂದರು, ಕುಂಚಗಳು ಒಂದಕ್ಕೊಂದು ತಾಕಿದವು. ನಾನು ಉಸಿರು ಬಿಗಿಹಿಡಿದು ಒಳಕೋಣೆಯ ಕೆಮ್ಮನ್ನೇ ಕೇಳುತ್ತಿದ್ದೆ. ಕೆಮ್ಮು ಕೇಳಿದರೆ ಸಂಕಟ, ಕೇಳದಿದ್ದರೆ ಅದಕ್ಕಿಂತ ಹೆಚ್ಚು ಸಂಕಟ.

ದಾರಿ ಹೊಳೆದದ್ದು ವಾಲ್ಪಾರೈಯ ನೆನಪಿನಿಂದ. ಹಿಂದೊಮ್ಮೆ ಸ್ಟುಡಿಯೋದವರು ಅಲ್ಲಿಯ ಟೀ ತೋಟಗಳನ್ನು ಹಿಡಿಯಲು ನನ್ನನ್ನು ಕಳಿಸಿದ್ದರು. ಬೆಟ್ಟದ ಮೇಲೆ ಬೆಳಗಿನ ಬೆಳಕು ನಂಬುವಂಥದ್ದಲ್ಲ. ಬೆಳಕನ್ನು ಬೆನ್ನಿಗಿಟ್ಟುಕೊಂಡು ಹಿಡಿದದ್ದೆಲ್ಲ ಬರಿದಾಗಿತ್ತು. ಬೇಸತ್ತು ಬೆಳಕಿನ ಕಡೆಗೇ ಕ್ಯಾಮೆರಾ ತಿರುಗಿಸಿದಾಗ, ಸಾಲಿನಲ್ಲಿ ನಡೆಯುವ ಹೆಂಗಸರು ಬಿಳಿಯ ಆಕಾಶದ ಮೇಲೆ ಕಪ್ಪು ಗೆರೆಗಳಂತೆ ಮೂಡಿದ್ದರು. ಕರುಮತ್ತಂಪಟ್ಟಿಯ ಈ ಬೀದಿ ಮೂಡಣದಿಂದ ಪಡುವಣಕ್ಕೆ ಚಾಚಿತ್ತು. ಪಡುವಣ ತುದಿಯಲ್ಲಿ ಕ್ಯಾಮೆರಾ ತಗ್ಗಿಸಿ ನಿಲ್ಲಿಸಿ ಮೂಡಣಕ್ಕೆ ಮುಖಮಾಡಿದರೆ ಜನ ಮೂಡುತ್ತಾರೆ. ಸೆಕೆಂಡಿಗೆ ಎರಡು ಸುತ್ತು ತಿರುಗಿಸುವ ಹಿಡಿಯನ್ನು ಒಂದೇ ಸುತ್ತು ತಿರುಗಿಸಿದರೆ ಒಂದೊಂದು ಚಿತ್ರಕ್ಕೂ ಇಮ್ಮಡಿ ಬೆಳಕು ಸಿಗುತ್ತದೆ. ಮಡಕೆಯಲ್ಲಿದ್ದ ಡಬ್ಬಿಯನ್ನು ಇದಕ್ಕೇ ಹಾಕಬೇಕು. ಲೆಕ್ಕವೆಲ್ಲ ಕೂಡಿಬಂತು, ಒಂದನ್ನು ಬಿಟ್ಟು: ಹೀಗೆ ಹಿಡಿದರೆ ಯಾರ ಮುಖವೂ ಬರುವುದಿಲ್ಲ.

ಮೂಡಣ ತುದಿಯಿಂದ ಹಿಡಿದು, ಏನೂ ಬರದಿದ್ದರೂ ಮುಖಕ್ಕೇ ಪ್ರಯತ್ನಪಟ್ಟೆನೆಂಬ ಸಮಾಧಾನ ಇಟ್ಟುಕೊಳ್ಳುವುದೋ, ಪಡುವಣದಿಂದ ಹಿಡಿದು ಮಾತು ತಪ್ಪುವುದೋ ಎಂದು ಒಂದು ಇಡೀ ದಿನ ಬೀದಿಯ ಎರಡು ತುದಿಗಳ ನಡುವೆ ಅಲೆದೆ. ಕೊನೆಗೆ ಪಡುವಣವೆಂದು ತೀರ್ಮಾನಿಸಿ, ಅತ್ತೆಗೆ ಹೇಳಿಬಿಡಬೇಕೆಂದು ಅಡುಗೆಮನೆಗೆ ಹೋದೆ. ಬೆಳಕು, ಫಿಲ್ಮು, ಕಪ್ಪು ಗೆರೆ ಎಂದೆಲ್ಲ ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮೊಕ ಇಲ್ದೆ ಅವರೇ ಅಂತ ಹೆಂಗಪ್ಪಾ ತಿಳೀತದೆ?” ಎಂದರು.

ಮರಳು ಕೆದಕಿ ಡಬ್ಬಿ ತೆಗೆದುಕೊಂಡು ಹೊರಬಂದೆ.

ಮರುದಿನ ಮಾವ ಎದ್ದರು. ಟವಲನ್ನು ಎದೆಗೆ ಸುತ್ತಿಕೊಂಡು ತಮ್ಮ ಜಾಗದಲ್ಲಿ ನಿಂತರು. ಗಂಜಿ ಬಿತ್ತು. ಆಕಾಶದ ಅಂಚು ಬೂದಿ ಬಣ್ಣಕ್ಕೆ ತಿರುಗಿತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ತಡೆದುಕೊಂಡು, ಕಣ್ಣಿಟ್ಟಲ್ಲಿ ಮೊದಲ ಕಪ್ಪು ತಲೆ ಬಿಡಿಯಾಗಿ ಕಂಡ ಕೂಡಲೇ ಹಿಡಿ ತಿರುಗಿಸತೊಡಗಿದೆ. ಎಣಿಸಲು ಗಡಿಯಾರ ಬೇಕಾಗಲಿಲ್ಲ; ಮಾವನ “ಹೂಂ” ಇತ್ತು. ಹಸಿ ನೂಲು ಆಕಾಶದ ಬೆಳಕನ್ನು ಹೀರಿ ಬೀದಿಯುದ್ದಕ್ಕೂ ಹೊಳೆಯಿತು. ಎರಡು ಬದಿಯ ಜನ ಬಾಗಿದರು, ಎಳೆದರು, ಹೆಜ್ಜೆಯಿಟ್ಟರು. ನನ್ನ ಕೈ ಹೇಗೋ ತಾಳ ತಪ್ಪಲಿಲ್ಲ. ಇದೇ, ಮೇಷ್ಟ್ರು ಕೇಳಿದ್ದು ಇದೇ ಎಂದುಕೊಂಡೆ.

ಆಗ ಮಾವನಿಗೆ ಕೆಮ್ಮು ಬಂತು.

ನೂಲಿನ ಮೇಲೆ ಕೆಮ್ಮಬಾರದು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಪಾವಿಗೆ ಬೆನ್ನು ತಿರುಗಿಸಿ, ಟವಲನ್ನು ಬಾಯಿಗೆ ಒತ್ತಿಕೊಂಡು ಬಾಗಿದರು. ಬೀದಿಯ ಅಷ್ಟೂ ಕುಂಚಗಳು ಪಾವಿನಿಂದ ಮೇಲೆದ್ದು ಗಾಳಿಯಲ್ಲಿ ನಿಂತವು. ಮೊದಲಿನ ಕೆಮ್ಮು ನಿಂತು, ಇನ್ನೊಂದು ಬಂತು. ಗಂಜಿ ಒಣಗುತ್ತಿತ್ತು, ಬೆಳಕು ಏರುತ್ತಿತ್ತು, ನನ್ನ ಒಂದೇ ಒಂದು ಡಬ್ಬಿಯ ಫಿಲ್ಮು ಸುಮ್ಮನೆ ನಿಂತ ಜನರ ಮೇಲೆ ಸುರಿದುಹೋಗುತ್ತಿತ್ತು. ಹಿಡಿ ನಿಲ್ಲಿಸಬೇಕೆಂದು ಬುದ್ಧಿ ಹೇಳಿತು. ಈಗ ಮುಗಿಯುತ್ತದೆ, ಈಗ ಮುಗಿಯುತ್ತದೆ ಎಂದು ಕೈ ತಿರುಗಿಸುತ್ತಲೇ ಹೋಯಿತು. ಕಾಯಿಲೆಯ ಮುದುಕರೊಬ್ಬರ ಕೆಮ್ಮಿನ ಮೇಲೆ ಆ ಹೊತ್ತಿಗೆ ನನಗೆ ಸಿಟ್ಟೇ ಬಂದಿತ್ತು. ಕೊನೆಗೆ ಮಾವ ನೆಟ್ಟಗಾಗಿ, ಬಾಯೊರಸಿಕೊಂಡು, ಜಾಗಕ್ಕೆ ಮರಳಿ “ಹೂಂ” ಎಂದರು. ಕುಂಚಗಳು ಇಳಿದವು. ಸ್ವಲ್ಪ ಹೊತ್ತಿನಲ್ಲೇ ಪೆಟ್ಟಿಗೆಯೊಳಗೆ ಫಿಲ್ಮಿನ ಬಾಲ ಪಟಪಟ ಬಡಿಯಿತು.

ಅದೇ ದಿನ ಕ್ಯಾಮೆರಾ ಒಪ್ಪಿಸಿದೆ. ಸ್ಟುಡಿಯೋದ ಕತ್ತಲೆಕೋಣೆಯಲ್ಲಿ, ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಫಿಲ್ಮನ್ನು ರಸಾಯನದಲ್ಲಿ ಬಿಟ್ಟೆ. ಇನ್ನೂ ಬಿಟ್ಟರೆ ಕರಿಮಂಜು ಕವಿಯುತ್ತದೆ, ಬಿಡದಿದ್ದರೆ ಏನೂ ಮೂಡುವುದಿಲ್ಲ. ಕೆಂಪು ದೀಪ ಕೂಡ ಆ ಫಿಲ್ಮಿಗೆ ಆಗದು. ಬರೀ ಬೆರಳಿನ ಅಂದಾಜಿನಲ್ಲಿ ಎತ್ತಿದೆ. ಅದೃಷ್ಟಕ್ಕೆ ಮೂಡಿತ್ತು. ಪ್ರಿಂಟು ಹಾಕಿಸಿದಾಗ ಬಿಳಿಯ ಆಕಾಶ, ಹೊಳೆಯುವ ಪಾವು, ಎರಡು ಸಾಲು ಕಪ್ಪು ಆಕೃತಿಗಳು. ಮೂಗು, ಕಣ್ಣು ಯಾರಿಗೂ ಇಲ್ಲ. ಎಲ್ಲರೂ ಸುಮ್ಮನೆ ನಿಂತ ಆ ಭಾಗವನ್ನು ಕತ್ತರಿಸಿ ತೆಗೆಯಬೇಕೆಂದು ಕತ್ತರಿ ಹಿಡಿದು ಕೂತೆ. ತೆಗೆದರೆ ಉಳಿಯುವುದು ತೀರಾ ಗಿಡ್ಡ ಎಂದು ಕತ್ತರಿ ಕೆಳಗಿಟ್ಟೆ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಅಷ್ಟರಲ್ಲಿ ಬಸ್ಸಿನ ಡ್ರೈವರು ಇನ್ನೊಂದು ಸುದ್ದಿ ತಂದ, ಈ ಸಲ ಕೂಗದೆ, ಇಳಿದು ಸ್ಟುಡಿಯೋಗೇ ಬಂದು ಹೇಳಿದ. ಮಾವ ಹೋಗಿಬಿಟ್ಟಿದ್ದರು. ನಾನು ಹೋಗುವಾಗ ಮಣ್ಣು ಮುಗಿದಿತ್ತು. ಜಗಲಿಯಲ್ಲಿ ಕೂತಿದ್ದವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರು. ರೂಢಿಯಂತೆ ಪಟ್ಟಣದಿಂದ ಫೋಟೋದವನನ್ನು ಕರೆಸಿದ್ದರಂತೆ. ಕುರ್ಚಿಯೂ ಹಾರವೂ ಸಿದ್ಧವಿದ್ದವಂತೆ. ಅತ್ತೆ ಅವನನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸಿದರಂತೆ: ಅವರಿಗೆ ಕುರ್ಚಿ ಬೇಡ, ಪಡ ಬತ್ತದೆ ಎಂದು.

ಆ ಮನುಷ್ಯನ ಗುರುತೆಂದು ಇನ್ನು ಈ ಲೋಕದಲ್ಲಿ ಉಳಿದದ್ದು ನನ್ನ ಡಬ್ಬಿಯೊಳಗಿನ ಒಂದು ಕಪ್ಪು ಆಕೃತಿ ಮಾತ್ರ.

ಗಂಡ ಸತ್ತ ಹೆಂಗಸು ಅಷ್ಟು ಬೇಗ ಹೊಸಿಲು ದಾಟುವ ಹಾಗಿಲ್ಲ. ಆದ್ದರಿಂದ ಚಿತ್ರವೇ ಆ ಮನೆಗೆ ಹೋಗಬೇಕಾಯಿತು. ಸೋಮನೂರಿನ ದಾರಿಯಲ್ಲಿ ಡೇರೆ ಹಾಕಿದ್ದ ಟೂರಿಂಗ್ ಸಿನಿಮಾದ ಆಪರೇಟರನ್ನು ಹಿಡಿದೆ. ಅವನ ಹೊಸ ಯಂತ್ರ ಮೋಟಾರಿನದು, ಅದರಲ್ಲಿ ಹಾಕಿದರೆ ನಮ್ಮ ಜನ ಇಲಿಗಳಂತೆ ಓಡುತ್ತಾರೆ. ಮೂಲೆಗೆ ಎಸೆದಿದ್ದ ಕೈಯಿಂದ ತಿರುಗಿಸುವ ಹಳೆಯ ಯಂತ್ರವನ್ನು ಕಾರ್ಬೈಡ್ ದೀಪದ ಸಮೇತ ಗಾಡಿಯಲ್ಲಿ ಹೇರಿಸಿ ತಂದ. ತರುವಾಗಲೇ ತಮಿಳಿನಲ್ಲಿ ಎಚ್ಚರಿಸಿದ: ನೀನು ಹೇಳುವಷ್ಟು ನಿಧಾನ ತಿರುಗಿಸುವುದೇ ಅಪಾಯ, ಒಂದು ಗಳಿಗೆ ನಿಂತರೂ ದೀಪದ ಕಾವಿಗೆ ಫಿಲ್ಮು ಭಗ್ಗೆಂದು ಹತ್ತಿಕೊಳ್ಳುತ್ತದೆ.

ಮಗ್ಗದ ಕೋಣೆಯ ಬಾಗಿಲು ಕಿಟಕಿಗಳಿಗೆ ಕಂಬಳಿ ಹೊದಿಸಿ ಹಗಲನ್ನೇ ಕತ್ತಲೆ ಮಾಡಿದೆವು. ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿದೆವು. ಮಗ್ಗದ ಸುತ್ತ ಜನ ಒತ್ತೊತ್ತಾಗಿ ಕೂತರು. ಎಲ್ಲಿ ನೋಡಿದರೂ ನೂಲು, ಹತ್ತಿ, ಒಣಬಿದಿರು. ಆಪರೇಟರು ಒದ್ದೆ ಗೋಣಿಚೀಲ ಹಿಡಿದು ನನ್ನ ಪಕ್ಕ ನಿಂತ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಹಿಡಿ ತಿರುಗಿಸಿದೆ.

ಚಿತ್ರ ಮಿಣಮಿಣ ಮಿಟುಕಿತು. ನನಗೆ ಕಂಡದ್ದು ಕಪ್ಪು ಗೊಂಬೆಗಳು. ಯಾರೋ ಎದ್ದುನಿಂತು, ಅಗೋ ಚಿಕ್ಕಪ್ಪ ಎಂದರು. ಆಮೇಲೆ ಕೋಣೆಯ ತುಂಬ ಕೈಗಳು ಎದ್ದವು: ಅದು ಮೂಲೆ ಮನೆಯವರು, ಅದು ನಮ್ಮಣ್ಣ, ನೋಡು ಅವನ ಸೊಟ್ಟ ಮೊಣಕೈ, ಅದು ನಾನು. ಅವರಿಗೆ ಮುಖ ಬೇಕಾಗಿರಲೇ ಇಲ್ಲ. ಯಾರ ಜಾಗ ಯಾವುದೆಂದು ಹುಟ್ಟಿದಾಗಿನಿಂದ ಗೊತ್ತು. ಕರ್ತೃವನ್ನು ಬೆರಳಿಟ್ಟು ತೋರಿಸಲಾಗದ ಕೆಲಸವೆಂದು ನಾನು ಹಿಡಿದು ತಂದಿದ್ದೆ; ಆ ಕೋಣೆಯಲ್ಲಿ ಬೆರಳಿಟ್ಟು ತೋರಿಸದವರೇ ಇರಲಿಲ್ಲ.

ನಡುವಿನ ಜಾಗವನ್ನು ಮಾತ್ರ ಯಾರೂ ತೋರಿಸಲಿಲ್ಲ. ಅಲ್ಲಿದ್ದ ಎತ್ತರದ ಆಕೃತಿ ಒಂದು ಹೆಜ್ಜೆ ಹಿಂದೆ ಸರಿಯಿತು, ತಿರುಗಿತು, ಬಾಗಿತು. ಗೋಡೆಯ ಮೇಲಿನ ಕುಂಚಗಳೆಲ್ಲ ಮೇಲೆದ್ದು ನಿಂತವು. ಕೋಣೆಯಲ್ಲೂ ಸದ್ದು ಅಡಗಿತು. ಯಂತ್ರದ ಟಕಟಕ ಬಿಟ್ಟರೆ ಏನೂ ಇಲ್ಲ.

“ಇರುಮಲು ಬಂತು” ಎಂದರು ಅತ್ತೆ.

ಕುಂಚಗಳು ಇಳಿದವು, ಪಾವು ಸಾಗಿತು, ಚಿತ್ರ ಮುಗಿಯಿತು. ಕತ್ತಲೆಯಲ್ಲಿ ಯಾರೂ ಏಳಲಿಲ್ಲ. ಅತ್ತೆಯ ದನಿ ಬಂತು: “ಇನ್ನೊಂದು ಕಿತ ಓಡ್ಸಪ್ಪಾ. ಅವರು ಆ ಕಡೆ ತಿರುಗ್ತಾರಲ್ಲ, ಅಲ್ಲಿ ಒಂಚೂರು ನಿಲ್ಸು.”

“ನಿಲ್ಸಾಕಾಗಲ್ಲ ಅತ್ತೆ. ನಿಲ್ಸಿದ್ರೆ ಉರಿದೋಯ್ತದೆ.”

“ಅಂಗಾದ್ರೆ ನಿಲ್ಸಬ್ಯಾಡ. ಓಡ್ಸು” ಎಂದರು.

ಫಿಲ್ಮು ಸುತ್ತಿ ಮತ್ತೆ ಹಾಕಿದೆ. ಮತ್ತೆ ಅದೇ ಜಾಗ ಬಂತು. ಎತ್ತರದ ಆಕೃತಿ ಬಾಗಿತು. ನನ್ನ ಕೈ ತನಗೆ ತಾನೇ ನಿಧಾನವಾಯಿತು. ಆಪರೇಟರು ಮೊಣಕೈಗೆ ಹೊಡೆದ. ಕೆಮ್ಮು ನಿಲ್ಲುವವರೆಗೆ ಗೋಡೆಯ ಮೇಲಿನವರು ಕುಂಚ ಎತ್ತಿ ಕಾದರು, ಕೋಣೆಯಲ್ಲಿದ್ದವರು ಉಸಿರು ಹಿಡಿದು ಕಾದರು. ನಿಲ್ಲುವ ಹಾಗಿಲ್ಲದವನು ನಾನೊಬ್ಬನೇ. ಹಿಡಿ ತಿರುಗಿಸುತ್ತಲೇ ಇದ್ದೆ.